ಅರ್ಧ ಇಂಚಿನ ಡಬ್ಬಿ

ನಮ್ಮ ಅತ್ತೆಯ ಹತ್ತಿರ ಹೋಗಿ ಒಂದು ಅರ್ಧ ಇಂಚಿನ ಬೋಲ್ಟು ಕೇಳಿ ನೋಡಿ. ಕೊಡುವ ಮಾತು ಹಾಗಿರಲಿ, ಮೊದಲು ನಿಮ್ಮನ್ನು ಎದುರಿಗೆ ಕೂರಿಸಿ ಪೊಲೀಸರಂತೆ ವಿಚಾರಣೆ ಮಾಡುತ್ತಾಳೆ. ಯಾವ ಯಂತ್ರಕ್ಕೆ? ಯಂತ್ರದ ಯಾವ ಭಾಗಕ್ಕೆ? ಹಳೆಯ ಬೋಲ್ಟು ಎಲ್ಲಿ? ಅದರ ನಟ್ಟು ಎಲ್ಲಿ? ಕಳೆದು ಹೋಗಿದ್ದರೆ ಕಳೆದ ಪುಣ್ಯಾತ್ಮ ಯಾರು? ಇಷ್ಟೆಲ್ಲ ಮುಗಿದ ಮೇಲೆ, "ಅರ್ಧ ಇಂಚು ಅಂದ್ರೆ ಯಾವ ಅರ್ಧ ಇಂಚು?" ಎನ್ನುತ್ತಾಳೆ. ಅರ್ಧ ಇಂಚಿನಲ್ಲಿ ಎಷ್ಟು ಥರ ಇರುತ್ತೆ ಬಿಡಿ ಎಂದು ನೀವು ನಕ್ಕಿರೋ, ಅಲ್ಲಿಗೆ ಮುಗಿಯಿತು. ತಿಳಿದುಕೊಂಡು ಬನ್ನಿ ಎಂದು ಬಾಗಿಲು ತೋರಿಸುತ್ತಾಳೆ. ನಾನೂ ಒಂದು ಕಾಲಕ್ಕೆ ಹಾಗೆ ನಕ್ಕವನೇ. ನನ್ನ ಮಾನ ಹೋದ ಕಥೆಯನ್ನು ನಾನೇ ಹೇಳಿಕೊಳ್ಳುವ ಚಪಲ ನನಗಿಲ್ಲ. ಆದರೆ ಅತ್ತೆಯ ದೊಡ್ಡತನ ಹೇಳಬೇಕೆಂದರೆ ನನ್ನ ದಡ್ಡತನ ಹೇಳದೆ ಬೇರೆ ದಾರಿಯಿಲ್ಲ.

ಅತ್ತೆ ಎಂದರೆ ನನ್ನ ಅಪ್ಪನ ಒಬ್ಬಳೇ ತಂಗಿ. ಈಗ ಎಪ್ಪತ್ತನಾಲ್ಕು. ಮೂವತ್ತೊಂದು ವರ್ಷ ಬಟ್ಟೆ ಮಿಲ್ಲಿನ ಸ್ಟೋರ್ಸಿನಲ್ಲಿ ಗುಮಾಸ್ತೆಯಾಗಿದ್ದವಳು. ಮಿಲ್ಲಿನ ಮಗ್ಗಗಳೆಲ್ಲ ಹಳೆಯ ಬ್ರಿಟಿಷ್ ಯಂತ್ರಗಳು, ಬೇರೆ ಕೆಲವು ಯಂತ್ರಗಳು ಅಮೆರಿಕದವು. ಅವುಗಳ ನಟ್ಟು, ಬೋಲ್ಟು, ಸ್ಕ್ರೂಗಳನ್ನು ಕಂಬಿ ಕಿಟಕಿಯ ಹಿಂದೆ ಕೂತು ಫಿಟ್ಟರುಗಳಿಗೆ ಎಣಿಸಿ ಕೊಡುವುದು ಅವಳ ಕೆಲಸ. ಒಂದು ವರ್ಷ ಮಿಲ್ಲಿನವರು ಆ ಮಗ್ಗಗಳನ್ನು ಕಿತ್ತು ಮಿಲಿಮೀಟರ್ ಲೆಕ್ಕದ ಹೊಸವನ್ನು ತಂದರು. ಸ್ಟೋರ್ಸಿನಲ್ಲಿದ್ದ ಇಂಚಿನ ಸಾಮಾನೆಲ್ಲ ಗುಜರಿಗೆ ಎಂದು ಹುಕುಂ ಆಯಿತು. ಎಲ್ಲರೂ ತಲೆಯಾಡಿಸಿದರು. ಅತ್ತೆ ಮಾತ್ರ ಮ್ಯಾನೇಜರ ಮುಂದೆ ಹೋಗಿ ನಿಂತು, ಎಸೆಯುವುದೇ ಆದರೆ ನಮ್ಮ ಮನೆಗೇ ಎಸೆಯಿರಿ ಎಂದಳಂತೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಅವತ್ತು ನಮ್ಮಪ್ಪ ಅಂದದ್ದನ್ನು ಅತ್ತೆ ಈಗಲೂ ಅವನ ದನಿಯಲ್ಲೇ ಅಂದು ತೋರಿಸುತ್ತಾಳೆ. ನಾಲ್ಕು ಕೈಗಾಡಿ ಕಬ್ಬಿಣ ಮನೆಗೆ ಬಂತು. ಮಾವ ಕೆಮ್ಮಲೂ ಇಲ್ಲ. ಹಿಂದಿನ ಕೋಣೆಯ ಮಂಚವನ್ನು ಎತ್ತಿ ತಂದು ನಡುಮನೆಯಲ್ಲಿ ಹಾಕಿಬಿಟ್ಟರು.

ಆ ಮಾವನೂ ಅದೇ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಬಲಗೈಯಲ್ಲಿ ಹೆಬ್ಬೆರಳಿಲ್ಲ. ಬುಡದಿಂದಲೇ ಹೋಗಿದೆ. ಮದುವೆಗೆ ಮುಂಚೆ ಮಗ್ಗ ರಿಪೇರಿ ಮಾಡುವಾಗ, ನೆಲದ ಮೇಲೆ ಬಿದ್ದಿದ್ದ ಯಾವುದೋ ಬೋಲ್ಟನ್ನು ಹೆಕ್ಕಿ ಸೋಮಾರಿತನದಿಂದ ಅದನ್ನೇ ಹಾಕಿ ಬಿಗಿದೆ, ಅದು ಮುರಿಯಿತು, ಸ್ಪ್ಯಾನರ್ ಜಾರಿ ಕೈ ಹಲ್ಲುಚಕ್ರಕ್ಕೆ ಸಿಕ್ಕಿತು ಎಂದು ಅವರೇ ನಗುನಗುತ್ತ ಹೇಳುತ್ತಾರೆ. ನಮ್ಮ ಮನೆತನದಲ್ಲಿ ಅದೊಂದು ಖಾಯಂ ಜೋಕು. ಯಾವುದೋ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಎಂದಾಗ, ಅದು ಮಿಲ್ಲಿನಲ್ಲಿದೆ, ಅಲ್ಲಿಗೇ ಹೋಗಿ ಒತ್ತಿಸಿಕೊಳ್ಳಿ ಎಂದರಂತೆ. ಮಕ್ಕಳಿಗೆ ಬುದ್ಧಿ ಹೇಳುವಾಗಲೂ ದೊಡ್ಡವರು ಆ ಕೈಯನ್ನೇ ತೋರಿಸುತ್ತಿದ್ದರು: ನೋಡು, ಕೆಲಸದಲ್ಲಿ ಉಡಾಫೆ ಮಾಡಿದರೆ ಹೀಗಾಗುತ್ತೆ. ಮಾವ ಕೈಯನ್ನು ಇನ್ನಷ್ಟು ಚಾಚಿ ತೋರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಕೇಳಿ ಕೇಳಿ ಬೇಜಾರಾಗಿರಬೇಕು ಎಂದುಕೊಂಡಿದ್ದೆವು.

ಈಗ ಆ ಹಿಂದಿನ ಕೋಣೆ. ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಡಬ್ಬಿ, ಮತ್ತೆ ಇಟ್ಟಿಗೆ, ಮತ್ತೆ ಹಲಗೆ, ಹೀಗೆ ಮೂರು ಗೋಡೆಗೂ ಸೂರಿನವರೆಗೆ. ಹಾಲಿನ ಪುಡಿಯ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಪೇಂಟಿನ ಡಬ್ಬಿ. ಒಳಗೆ ಕಾಲಿಟ್ಟರೆ ಸೀಮೆಎಣ್ಣೆ, ಹಳೆಯ ಗ್ರೀಸು ಎರಡೂ ಬೆರೆತ ವಾಸನೆ. ಒಂದು ಡಬ್ಬಿಯ ಮೇಲೂ ಚೀಟಿಯಿಲ್ಲ. ಅದರ ಬದಲು ಪ್ರತಿ ಡಬ್ಬಿಯ ಕೊರಳಿಗೂ ತಂತಿಯಿಂದ ಒಂದು ನಟ್ಟು ಕಟ್ಟಿದೆ. ಆ ನಟ್ಟೇ ಆ ಡಬ್ಬಿಯ ಹೆಸರು. ಒಳಗಿನ ಬೋಲ್ಟು ಆ ನಟ್ಟಿನಲ್ಲಿ ಹೋಗಬೇಕು. ಹೋಗದಿದ್ದರೆ ಅದು ಆ ಡಬ್ಬಿಯದಲ್ಲ.

ಹಳೆಯ ಬ್ರಿಟಿಷ್ ಬೋಲ್ಟುಗಳ ಲೆಕ್ಕವೇ ವಿಚಿತ್ರ. ಮೈಮೇಲಿನ ಸುರುಳಿಗೆರೆ, ಅಂದರೆ ಥ್ರೆಡ್ಡು, ದಪ್ಪವಾಗಿರುವುದಕ್ಕೆ ವಿಟ್‌ವರ್ತ್ ಎಂದು ಹೆಸರು. ಅದರ ಸ್ಪ್ಯಾನರಿನ ಮೇಲೆ ಅರ್ಧ ಎಂದು ಕೆತ್ತಿದ್ದರೆ ಸ್ಪ್ಯಾನರಿನ ಬಾಯಿ ಅರ್ಧ ಇಂಚಿರುವುದಿಲ್ಲ, ಹೆಚ್ಚುಕಡಿಮೆ ಒಂದಿಂಚಿರುತ್ತದೆ. ಕೆತ್ತಿರುವುದು ಬೋಲ್ಟಿನ ದಪ್ಪ! ಇದು ಗೊತ್ತಾದ ದಿನ ನಾನು ಆ ಕಂಪನಿಗಳವರ ಮೂರು ತಲೆಮಾರಿಗೆ ಹಿಡಿಶಾಪ ಹಾಕಿದ್ದೆ. ಅಮೆರಿಕದ ಹಳೆಯ ಬೋಲ್ಟುಗಳೂ ಇಂಚಿನವೇ. ಕಾಲಿಂಚು, ಮುಕ್ಕಾಲಿಂಚು, ಒಂದಿಂಚು, ಎಲ್ಲದರಲ್ಲೂ ಬ್ರಿಟಿಷರದಕ್ಕೂ ಅವರದಕ್ಕೂ ಇಂಚಿಗೆ ಸುತ್ತು ಒಂದೇ. ಅದು ಇದರಲ್ಲಿ ಹೋಗಿ ಕೂರುತ್ತದೆ, ಜನ ಬಳಸುತ್ತಾರೆ. ಅರ್ಧ ಇಂಚಿಗೆ ಬಂದಾಗ ಮಾತ್ರ ಬ್ರಿಟಿಷ್ ಬೋಲ್ಟಿಗೆ ಇಂಚಿಗೆ ಹನ್ನೆರಡು ಸುತ್ತು, ಅಮೆರಿಕದ್ದಕ್ಕೆ ಹದಿಮೂರು. ಯಾಕೆ ಎಂದು ಕೇಳಬೇಡಿ. ನೋಡಲು ಎರಡೂ ಅವಳಿಜವಳಿ. ಒಂದರ ನಟ್ಟಿಗೆ ಇನ್ನೊಂದನ್ನು ಹಾಕಿದರೆ ಮೊದಲ ಮೂರು ಸುತ್ತು ಮಕ್ಕಳೂ ತಿರುಗಿಸಬಹುದು. ನಾಲ್ಕನೆಯದಕ್ಕೆ ಹಿಡಿಯುತ್ತದೆ. "ಮೂರು ಸುತ್ತು ಯಾರ ಜೊತೆಗಾದ್ರೂ ಹೋಗುತ್ತೆ, ನಾಲ್ಕನೇದು ನೋಡು" ಎಂಬುದು ಅತ್ತೆಯ ಮಾತು. ಹೆಣ್ಣು ನೋಡಲು ಹೊರಟವರಿಗೂ ಅವಳು ಇದನ್ನೇ ಹೇಳಿ ಕಳಿಸುತ್ತಾಳೆ.

ಹಳೆಯ ಮೋಟಾರ್ ಸೈಕಲ್ಲು, ಹಳೆಯ ಲೇತು, ಪಂಪು, ಗಡಿಯಾರ, ಹೀಗೆ ಏನನ್ನಾದರೂ ಬಿಚ್ಚಿ ಹರವಿಕೊಂಡು ಜೀವ ಬರಿಸಲು ಕೂತವರು ಎಲ್ಲ ಊರಲ್ಲೂ ನಾಲ್ಕು ಜನ ಇರುತ್ತಾರೆ. ಅಂಗಡಿಯಲ್ಲಿ ಈ ಬೋಲ್ಟು ಸಿಗುವುದಿಲ್ಲ, ಗುಜರಿಯಲ್ಲಿ ಸಿಕ್ಕರೆ ತುಕ್ಕು ಹಿಡಿದಿರುತ್ತದೆ. ಅಲ್ಲಿ ಇಲ್ಲಿ ಅಲೆದು ಸುಸ್ತಾಗಿ ಕೊನೆಗೆ ಅತ್ತೆಯ ಬಾಗಿಲಿಗೆ ಬರುತ್ತಾರೆ, ದೂರದವರು ಕಾಗದ ಬರೆಯುತ್ತಾರೆ. ಅವಳು ಡಬ್ಬಿ ಇಳಿಸಿ, ಬೋಲ್ಟು ಆರಿಸಿ, ಸೀಮೆಎಣ್ಣೆಯಲ್ಲಿ ತೊಳೆದು ಮಾವನ ಕೈಗೆ ಕೊಡುತ್ತಾಳೆ. ಮಾವ ಡಬ್ಬಿಯ ನಟ್ಟನ್ನು ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಹಿಡಿದು ಬೋಲ್ಟಿನ ಈ ತುದಿಯಿಂದ ಆ ತುದಿಯವರೆಗೆ ಓಡಿಸುತ್ತಾರೆ. ಓಡಿತೋ, ಕೊಡಬಹುದು. ಎಲ್ಲಾದರೂ ನಿಂತಿತೋ, ವಾಪಸ್ಸು. ಇದು ಅವರಿಬ್ಬರ ಪದ್ಧತಿ. ತೆಗೆದುಕೊಂಡವರು ಮಾಡಬೇಕಾದ್ದು ಒಂದೇ: ಬೋಲ್ಟು ಹಾಕಿದ ಮೇಲೆ ಒಂದು ಕಾರ್ಡು ಬರೆಯಬೇಕು. ‘ಕೂತಿತು’ ಎಂದಿದ್ದರೆ ಸಾಕು. ಅಂಥ ಕಾರ್ಡುಗಳ ಕಟ್ಟು ಅವಳ ದಿಂಬಿನ ಪಕ್ಕದ ಗೂಡಿನಲ್ಲಿದೆ. ಎಷ್ಟಿವೆಯೋ ನಾನು ಎಣಿಸಿಲ್ಲ, ಒಂದು ಕೈಯಲ್ಲಿ ಎತ್ತಲಾಗುವುದಿಲ್ಲ.

ನನ್ನದು ಕನ್ನಡಕದ ಅಂಗಡಿ. ಹೊಟ್ಟೆಪಾಡು ಅದು, ಹುಚ್ಚು ಬೇರೆ. ಅಂಗಡಿಯ ಹಿಂದಿನ ಗೂಡಿನಂಥ ಜಾಗದಲ್ಲಿ ಕಬ್ಬಿಣ ಕಡೆಯುವ ಒಂದು ಪುಟ್ಟ ಹಳೆಯ ಲೇತು ಇಟ್ಟುಕೊಂಡಿದ್ದೇನೆ. ಅದಕ್ಕೆ ಬೇಕಾದ ಹನ್ನೊಂದು ಸ್ಕ್ರೂಗಳನ್ನು ಒಂದೊಂದಾಗಿ ಹುಡುಕಿ ಕೊಟ್ಟವಳು ಅತ್ತೆಯೇ. ಕೊನೆಯದು ಸಿಗಲು ಏಳು ತಿಂಗಳಾಯಿತು. ನನಗೋ ತಾಳ್ಮೆ ಎಂಬುದು ಹುಟ್ಟಾ ಇಲ್ಲ. ಮಿಲಿಮೀಟರಿನದೇ ಒಂದು ತುರುಕುತ್ತೇನೆ ಎಂದು ಕುಣಿದಾಡಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹೇಳಿ ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದಳು. ನನಗಾಗ ನಲವತ್ತಾರು ವರ್ಷ.

ಎರಡು ವರ್ಷದ ಹಿಂದೆ ಅವಳು ಕಣ್ಣಿನ ಆಪರೇಶನ್ನಿಗೆ ಆಸ್ಪತ್ರೆಯಲ್ಲಿದ್ದಳು. ಮಾವ ಜೊತೆಗೆ. ಮನೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಅತ್ತೆಗೆ ಏನಾದರೂ ಒಂದು ಉಪಕಾರ ಮಾಡಿಬಿಡಬೇಕು ಎಂದು ನನಗೆ ಉಕ್ಕಿ ಬಂತು ನೋಡಿ! ಕೋಣೆ ಗುಡಿಸಿದೆ, ಒರೆಸಿದೆ, ಅಂಗಡಿಯ ಒಳ್ಳೆಯ ಚೀಟಿಗಳನ್ನು ತಂದು ಮುಂದಿನ ಸಾಲಿನ ಡಬ್ಬಿಗಳಿಗೆ ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದೆ. ಆ ಸಾಲಿನಲ್ಲಿ ಎರಡು ಡಬ್ಬಿಗಳಲ್ಲಿ ಅರ್ಧ ಇಂಚಿನ ಬೋಲ್ಟುಗಳಿದ್ದವು. ಒಂದರಲ್ಲಿ ಮುಕ್ಕಾಲು ಭಾಗ ಖಾಲಿ, ಇನ್ನೊಂದರಲ್ಲೂ ಮೇಲೆ ಜಾಗವಿತ್ತು. ಇದೆಂಥ ದಂಡ ಎಂದು ಸಣ್ಣದನ್ನು ದೊಡ್ಡದಕ್ಕೆ ಸುರಿದೆ. ಕೊರಳಿನ ತಂತಿಗಳನ್ನು ಕತ್ತರಿಸಿದೆ. ‘ಅರ್ಧ ಇಂಚು’ ಎಂದು ಬರೆದು ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಬೀಗಿದೆ. ಖಾಲಿಯಾದ ಡಬ್ಬಿಯನ್ನು ತಂದು ಅಂಗಡಿಯಲ್ಲಿ ಪೆನ್ನು ಹಾಕಿಟ್ಟುಕೊಂಡೆ.

ಆಸ್ಪತ್ರೆಯಿಂದ ಬಂದ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡೇ ಕೋಣೆಯ ಬಾಗಿಲಲ್ಲಿ ನಿಂತಳು. ಹೇಗಿದೆ ಎಂದೆ. ಗುಡಿಸಿದ್ದು ಚೆನ್ನಾಗಿದೆ ಎಂದಳು. ಅಷ್ಟೇ. ನಾನು ಎಂಥ ಮಂಕು ಎಂದರೆ, ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗಿ ಹೆಂಡತಿಯ ಹತ್ತಿರ ಕೊಚ್ಚಿಕೊಂಡೆ.

ನಮ್ಮ ಅಂಗಡಿಯ ಎದುರು ಸಾಲಿನಲ್ಲಿ ಒಬ್ಬ ಹೆಂಗಸು ಪುಸ್ತಕದ ಬೈಂಡಿಂಗ್ ಮಾಡುತ್ತಾರೆ. ಎಲ್ಲರೂ ಬೈಂಡರಮ್ಮ ಎನ್ನುತ್ತಾರೆ. ಒಂಟಿ ಜೀವ, ಎರಡು ಮೇಜು, ಗೋಂದಿನ ಪಾತ್ರೆ, ಮತ್ತೆ ಆನೆಮರಿಯಷ್ಟಿರುವ ಒಂದು ಹಳೆಯ ಬ್ರಿಟಿಷ್ ಕಟಿಂಗ್ ಮಷೀನು. ಪಕ್ಕದ ದೊಡ್ಡ ಚಕ್ರ ತಿರುಗಿಸಿದರೆ ತೋಳುದ್ದದ ಬ್ಲೇಡು ಇಳಿದು ಒಂದು ಗೇಣು ಎತ್ತರದ ಕಾಗದವನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ಬ್ಲೇಡನ್ನು ಕಬ್ಬಿಣದ ಬೀಮಿಗೆ ಹಿಡಿದಿರುವುದು ಆರು ಬೋಲ್ಟುಗಳು. ಅದರಲ್ಲಿ ಒಂದರ ತಲೆ ಸವೆದು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಗ್ರಂಥಾಲಯದ ಇನ್ನೂರ ಅರವತ್ತು ಪುಸ್ತಕಗಳ ಕೆಲಸ ಅವರಿಗೆ ಬಂದಿತ್ತು, ತಿಂಗಳ ಕೊನೆಯೊಳಗೆ ಕೊಡಬೇಕು. ತಪ್ಪಿದರೆ ಮುಂದಿನ ವರ್ಷದಿಂದ ಆ ಕೆಲಸ ಬೇರೆ ಊರಿನ ದೊಡ್ಡ ಪ್ರೆಸ್ಸಿಗೆ ಹೋಗುತ್ತದೆ, ಅದು ಹೋದರೆ ಅಂಗಡಿ ಮುಚ್ಚಿದ ಹಾಗೇ. ಕೆಲಸ ಶುರು ಮಾಡುವ ಮೊದಲು ಬ್ಲೇಡು ಬಿಚ್ಚಿ ಸಾಣೆ ಹಿಡಿಸಬೇಕು ಎಂದು ಅವರು ಹೇಳುತ್ತಿದ್ದಂತೆ ನಾನು ನಡುವೆ ಬಾಯಿ ಹಾಕಿದೆ. ನಾನಿದ್ದೀನಲ್ಲ, ಒಂದು ಬೋಲ್ಟು ಯಾವ ಮಹಾ ಎಂದೆ.

ಸವೆದ ಬೋಲ್ಟನ್ನು ಹೇಗೋ ಕಿತ್ತೆ. ಅರ್ಧ ಇಂಚು. ಅವತ್ತು ಅತ್ತೆ ಕಣ್ಣು ತೋರಿಸಲು ಹೋಗಿದ್ದಳು. ಮನೆಯ ಬೀಗದ ಕೈ ನನ್ನ ಹತ್ತಿರ ಇದ್ದೇ ಇತ್ತು. ಅವಳು ಬಂದರೆ ವಿಚಾರಣೆ, ನಟ್ಟು, ಎರಡು ಬೆರಳು, ಅರ್ಧ ದಿನ ಹೋಗುತ್ತದೆ ಎಂದು ನಾನೇ ಕೋಣೆಗೆ ನುಗ್ಗಿ, ನನ್ನದೇ ಅಕ್ಷರವಿದ್ದ ಡಬ್ಬಿಗೆ ಕೈ ಹಾಕಿ ಅದೇ ಉದ್ದದ ಒಂದನ್ನು ತೆಗೆದುಕೊಂಡು ಬಂದೆ. ಸಾಣೆ ಹಿಡಿಸಿ ತಂದ ಬ್ಲೇಡನ್ನು ಉಳಿದ ಐದು ಬೋಲ್ಟಿನಿಂದ ಕೂರಿಸಿದ ಮೇಲೆ, ಇದನ್ನು ಬೀಮಿನ ತೂತಿಗೆ ಇಟ್ಟು ತಿರುಗಿಸಿದರೆ ಸಲೀಸಾಗಿ ಹೋಯಿತು. ಮೂರು ಸುತ್ತು. ಆಮೇಲೆ ಬಿಗಿ. ಎಷ್ಟು ವರ್ಷದ ತುಕ್ಕೋ ಎಂದು ಎಣ್ಣೆ ಬಿಟ್ಟೆ. ಸ್ಪ್ಯಾನರಿಗೆ ಪೈಪು ಸಿಗಿಸಿ ಉದ್ದ ಮಾಡಿಕೊಂಡು ಮೈಯೆಲ್ಲ ಭಾರ ಹಾಕಿದೆ. ಕರಕರ ಎಂದು ಇನ್ನೆರಡು ಸುತ್ತು ಹೋಯಿತು. ಆಮೇಲೆ ಟಕ್ ಎಂದು ಬೋಲ್ಟು ಮುರಿದು, ಅರ್ಧ ಒಳಗೆ, ಅರ್ಧ ನನ್ನ ಕೈಯಲ್ಲಿ. ಒಳಗಿನ ಥ್ರೆಡ್ಡೆಲ್ಲ ಕಿತ್ತು ಪುಡಿಯಾಗಿ ಉದುರಿತು.

ಬೈಂಡರಮ್ಮ ಆ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. "ನೀವು ಮಾಡ್ತೀನಿ ಅಂದ್ರಲ್ಲ, ಅದಕ್ಕೇ ಕೊಟ್ಟೆ" ಎಂದರು. ಆಮೇಲೆ ಕೈಚಾಕು, ಕಬ್ಬಿಣದ ಪಟ್ಟಿ ತೆಗೆದುಕೊಂಡು ಒಂದೊಂದೇ ಪುಸ್ತಕದ ಅಂಚು ಕತ್ತರಿಸಲು ಕೂತರು. ಸಂಜೆಯವರೆಗೆ ಒಂಬತ್ತು ಪುಸ್ತಕ ಆಯಿತು. ತಿಂಗಳ ಕೊನೆಗೆ ಹನ್ನೊಂದು ದಿನ ಉಳಿದಿತ್ತು. ಲೆಕ್ಕ ಯಾರಿಗೆ ಬೇಕಾದರೂ ಬರುತ್ತದೆ. ಉಳಿದ ಐದು ಬೋಲ್ಟಿನಲ್ಲೇ ಓಡಿಸಿಬಿಡೋಣ ಎಂದು ನಾನು ಹೇಳಹೋದೆ. ನನ್ನ ಮುಖ ನೋಡಿ, ಬೇಡ ಎಂದರು.

ಬಾಲ ಮುದುರಿಕೊಂಡು ಅತ್ತೆಯ ಮನೆಗೆ ಹೋದೆ. ಮುರಿದ ತುಂಡನ್ನು ಅವಳ ಮುಂದಿಟ್ಟು ಎಲ್ಲ ಹೇಳಿದೆ. ಕದ್ದು ತಂದದ್ದನ್ನೂ ಹೇಳಿದೆ. ಅವಳು ತುಂಡನ್ನು ಉಗುರಿನಿಂದ ಕೆರೆದು ನೋಡಿ, ಅಮೆರಿಕದ್ದು ಎಂದಳು. ಅದು ಹೇಗೆ ಎಂದು ನಾನು ರೇಗಿದೆ. ಡಬ್ಬಿಯಲ್ಲಿ ಇದ್ದದ್ದು ಅರ್ಧ ಇಂಚಿನದೇ ತಾನೇ, ಅಮೆರಿಕದ್ದು ಎಲ್ಲಿಂದ ಬಂತು? ಬಾಯಿಂದ ಮಾತು ಹೊರಗೆ ಬರುವಷ್ಟರಲ್ಲಿ ನನ್ನ ಅಂಗಡಿಯ ಪೆನ್ನಿನ ಡಬ್ಬಿ ಕಣ್ಣ ಮುಂದೆ ಬಂತು. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ಎರಡು ವರ್ಷದ ಹಿಂದೆ ಉಪಕಾರ ಎಂದು ನಾನು ಸುರಿದದ್ದು ತಿರುಗಿ ಬಂದು ಪಾಪದ ಬೈಂಡರಮ್ಮನ ಕುತ್ತಿಗೆಗೆ ಕೂತಿತ್ತು.

ಈಗಲಾದರೂ ಒಂದು ಸರಿಯಾದ ಬೋಲ್ಟು ಹುಡುಕಿ ಕೊಡು ಎಂದೆ. ಹಾಳಾದ ತೂತನ್ನು ದೊಡ್ಡದು ಮಾಡಿ ಒಳಗೆ ಒಂದು ಉಕ್ಕಿನ ಬುಶ್, ಅಂದರೆ ಪುಟ್ಟ ಕೊಳವೆ, ಕೂರಿಸಬೇಕು, ಬುಶ್ಶಿನೊಳಗೆ ಹೊಸ ಥ್ರೆಡ್ ಕತ್ತರಿಸಬೇಕು, ಹಾಗೆ ಕತ್ತರಿಸುವ ಟ್ಯಾಪ್ ಎಂಬ ಉಪಕರಣವನ್ನೂ ಕೊಡು ಎಂದೆ. ಅತ್ತೆ ಎದ್ದು ಹೋಗಿ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಟ್ಯಾಪನ್ನು ತಂದು ಕೊಟ್ಟಳು. ಬೋಲ್ಟು ಕೊಡಲಿಲ್ಲ.

"ನಮ್ಮ ಸ್ಟೋರ್ಸಲ್ಲಿ ಒಂದು ರೂಲು ಇತ್ತು. ಕಲೆಸಿದವರೇ ಆರಿಸಬೇಕು. ಡಬ್ಬಿ ಪೂರ್ತಿ ಆರಿಸಿ ಬೇರೆ ಮಾಡು. ಆಮೇಲೆ ಕೊಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಒಬ್ಬಳು ಕೈಚಾಕು ಹಿಡಿದು ಬೆರಳು ಬೊಕ್ಕೆ ಎಬ್ಬಿಸಿಕೊಳ್ಳುತ್ತಿದ್ದಾಳೆ, ಇಲ್ಲಿ ನಿನ್ನದು ರೂಲು! ಬೇಕಾದ್ದು ಒಂದು ಬೋಲ್ಟು, ಒಂದನ್ನು ನೋಡಿ ಕೊಡುವುದಕ್ಕೆ ಏನು ಧಾಡಿ? ಹೀಗೆಲ್ಲ ಅಂದೆ. ಅವಳು ಕೇಳಿಸಿಕೊಂಡಳು. ಈ ಎರಡು ವರ್ಷದಲ್ಲಿ ಅರ್ಧ ಇಂಚಿನದು ಕೇಳಿ ಹದಿನೇಳು ಜನ ಬರೆದಿದ್ದರಂತೆ. ಹದಿನೇಳು ಜನಕ್ಕೂ ಸದ್ಯಕ್ಕಿಲ್ಲ ಎಂದು ಬರೆದಳಂತೆ. ಆ ಸದ್ಯ ಮುಗಿಯುವುದು ಯಾವಾಗ ಎಂದು ಕಾಯುತ್ತ ಕೂತಿದ್ದೆ, ಈಗ ನೀನೇ ಬಂದೆ ಎಂದಳು.

ಮರುದಿನ ಅಂಗಡಿ ಮುಚ್ಚಿ ಬೆಳಿಗ್ಗೆಯೇ ಹೋಗಿ ಕೂತೆ. ಬಾಗಿಲ ಬಳಿಯ ಬೆಳಕಿನಲ್ಲಿ ಚಾಪೆ, ಚಾಪೆಯ ಮೇಲೆ ಡಬ್ಬಿ ಸುರಿದರೆ ಕಬ್ಬಿಣದ ಗುಡ್ಡೆ. ಎರಡು ನಟ್ಟುಗಳನ್ನು ಅತ್ತೆ ಎಲ್ಲಿಂದಲೋ ತೆಗೆದು ತಂದಳು. ನಾನು ತಂತಿ ಕತ್ತರಿಸಿ ಕಸಕ್ಕೆ ಎಸೆದಿದ್ದವು! ಕಪ್ಪು ಕನ್ನಡಕದಲ್ಲೇ ಕಸದ ಬುಟ್ಟಿಯಲ್ಲಿ ತಡಕಾಡಿ ತೆಗೆದಿಟ್ಟುಕೊಂಡಿದ್ದಾಳೆ. ಬ್ರಿಟಿಷ್ ನಟ್ಟನ್ನು ನನ್ನ ಕೈಗೆ ಕೊಟ್ಟಳು. ಒಂದೊಂದು ಬೋಲ್ಟಿಗೂ ಅದನ್ನು ಕೊನೆಯವರೆಗೆ ಓಡಿಸಬೇಕು, ವಾಪಸ್ಸು ಬಿಚ್ಚಬೇಕು. ಓಡಿದ್ದು ಬಲಕ್ಕೆ, ನಿಂತದ್ದು ಎಡಕ್ಕೆ. ಬಲಕ್ಕೆ ಬಿದ್ದದ್ದನ್ನೆಲ್ಲ ಮಾವ ಮತ್ತೊಮ್ಮೆ ತಮ್ಮ ಎರಡು ಬೆರಳಲ್ಲಿ ನೋಡುತ್ತಾರೆ. ಒಂದು ಸಲ ನೋಡಿದ್ದನ್ನು ಇನ್ನೊಂದು ಸಲ ನೋಡುವುದು ಯಾವ ಶಾಸ್ತ್ರ ಎಂದು ಗೊಣಗಿದೆ. ನನ್ನ ಗೊಣಗಾಟ ಆ ಮನೆಯಲ್ಲಿ ಗಡಿಯಾರದ ಸದ್ದಿನಂತೆ, ಯಾರೂ ತಲೆ ಎತ್ತುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನನ್ನ ಹೆಬ್ಬೆರಳು ಊದಿಕೊಂಡಿತು. ನೂರೈವತ್ತು ಆಗಿರಬೇಕು. ಮಾವ ಒಂದು ಬೋಲ್ಟನ್ನು ಪಕ್ಕಕ್ಕಿಟ್ಟು ಇದು ನಿಂತಿತು ಎಂದರು. ಸಾಧ್ಯವೇ ಇಲ್ಲ, ನಾನು ಕೊನೆಯವರೆಗೆ ಓಡಿಸಿದ್ದೇನೆ ಎಂದು ಕಿತ್ತುಕೊಂಡೆ. ನನ್ನ ಕೈಯಲ್ಲಿ ಮತ್ತೆ ಹೋಯಿತು. ಅವರ ಕೈಯಲ್ಲಿ ಮತ್ತೆ ನಿಂತಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ತೋರಿಸಿದಳು. ನಡುವೆ ಎಲ್ಲೋ ಏಟು ಬಿದ್ದು ಥ್ರೆಡ್ಡು ಒಂದು ಕೂದಲಿನಷ್ಟು ಬಾಗಿತ್ತು. ನಾನು ಊಟದ ಆತುರದಲ್ಲಿ ನನಗೇ ಗೊತ್ತಿಲ್ಲದಂತೆ ಒತ್ತಿ ತಿರುಗಿಸಿಬಿಟ್ಟಿದ್ದೆ.

"ನಿನ್ನ ಕೈಯಲ್ಲಿ ಬಲ ಇದೆ, ಅದಕ್ಕೇ ಅದು ಸುಳ್ಳು ಹೇಳುತ್ತೆ" ಎಂದಳು ಅತ್ತೆ. "ಇವರ ಕೈಲಿ ಒತ್ತೋಕೆ ಆಗಲ್ಲ. ಸರಿಯಾಗಿರೋದು ಮಾತ್ರ ಹೋಗುತ್ತೆ."

ಮಾವ ತಮ್ಮ ಕೈಯನ್ನು ತಾವೇ ತಿರುಗಿಸಿ ನೋಡಿಕೊಂಡು, ಅರ್ಧ ಇಂಚಿನ ಗೇಜು ಎಂದು ನಕ್ಕರು. ನಾನು ನಗಲಿಲ್ಲ. ಅಷ್ಟು ವರ್ಷ ಆ ಕೈಯನ್ನು ಜೋಕಿಗೆ ಮಾತ್ರ ನೋಡಿದ್ದೆ. ಅವತ್ತು ಮೊದಲ ಬಾರಿಗೆ ಅದರ ಕೆಲಸ ನೋಡಿದೆ. ಎರಡು ಬೆರಳು ನಟ್ಟನ್ನು ಹಿಡಿದೂ ಹಿಡಿಯದಂತೆ ಹಿಡಿದಿರುತ್ತಿದ್ದವು, ನಟ್ಟು ತಾನಾಗಿ ಓಡುತ್ತಿತ್ತು.

ಮೂರನೇ ದಿನ ಊಟದ ಹೊತ್ತಿಗೆ ಚಾಪೆ ಖಾಲಿಯಾಯಿತು. ಒಟ್ಟು ಆರುನೂರ ಹನ್ನೆರಡು. ಅಮೆರಿಕದವು ನಲವತ್ತು. ನಾನು ಮುರಿದದ್ದೂ ಸೇರಿ ನಲವತ್ತೊಂದು. ಅಷ್ಟು ದೊಡ್ಡ ರಾಶಿಯಲ್ಲಿ ನನ್ನ ಹಾಳು ಕೈಗೆ ಆ ನಲವತ್ತೊಂದರಲ್ಲೇ ಒಂದು ಸಿಕ್ಕಿತ್ತಲ್ಲ! ಪೆನ್ನಿನ ಡಬ್ಬಿಯನ್ನು ನಾನೇ ತೊಳೆದು ತಂದು ಅವನ್ನು ತುಂಬಿಸಿದೆ. ತಂತಿ ಹಾಕಿ ನಟ್ಟು ಕಟ್ಟಿದೆ. ನನ್ನ ಮುತ್ತಿನಂಥ ಅಕ್ಷರದ ಚೀಟಿಯನ್ನು ನಾನೇ ಕೆರೆದು ತೆಗೆದೆ. ಅತ್ತೆ ಆಗ ಎದ್ದು, ನನಗೆ ಬೇಕಾದ ಉದ್ದದ ಬೋಲ್ಟೊಂದನ್ನು ಆರಿಸಿ, ತೊಳೆದು, ಮಾವನ ಕೈಗೆ ಕೊಟ್ಟಳು. ಅದು ಓಡಿತು. ಆದರೂ ನನ್ನ ಕೈಗೆ ಕೊಡದೆ ತಾನೇ ಸೆರಗಿನಲ್ಲಿ ಗಂಟು ಹಾಕಿಕೊಂಡು, ನಾವೂ ಬರುತ್ತೇವೆ ಎಂದಳು.

ನನ್ನ ಲೇತಿನಲ್ಲಿ ಬುಶ್ ಮಾಡಲು ನನಗೆ ಒಂದೂವರೆ ದಿನ ಹಿಡಿಯಿತು. ಎರಡು ಸಲ ಮಾಡಿ ಎಸೆದೆ. ಮೂರನೆಯದನ್ನು ಬೀಮಿನಲ್ಲಿ ಕೂರಿಸಿ, ಟ್ಯಾಪನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಮಾಡುತ್ತ ಥ್ರೆಡ್ ಕತ್ತರಿಸಿದೆ. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬೈಂಡರಮ್ಮ ಆ ಹೊತ್ತಿಗೆ ಐವತ್ತೊಂದನೇ ಪುಸ್ತಕದಲ್ಲಿದ್ದರು, ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದರು. ಅವರು ನನ್ನ ಹತ್ತಿರ ಮಾತು ಬಿಟ್ಟಿರಲಿಲ್ಲ. ಬಿಟ್ಟಿದ್ದರೇ ವಾಸಿಯಿತ್ತು.

ಅತ್ತೆ ಮಾವ ಇಬ್ಬರೂ ಬಂದರು. ಅತ್ತೆ ಸೆರಗಿನ ಗಂಟು ಬಿಚ್ಚಿದಳು. ನಾನು ಸ್ಪ್ಯಾನರಿಗೆ ಕೈ ಹಾಕ ಹೋದರೆ ನನ್ನ ಕೈ ಸರಿಸಿ, ಬೋಲ್ಟನ್ನು ಮಾವನಿಗೆ ಕೊಟ್ಟಳು. ಮಾವ ಮೆಲ್ಲಗೆ ಬಗ್ಗಿ ಎರಡು ಬೆರಳಿನಿಂದ ತಿರುಗಿಸಿದರು. ಒಂದು, ಎರಡು, ಮೂರು. ನಾಲ್ಕು. ಐದು. ಬೋಲ್ಟಿನ ತಲೆ ಬ್ಲೇಡಿಗೆ ತಾಗುವವರೆಗೆ ಅದು ಹಾಗೇ ಹೋಯಿತು. ಕೊನೆಯ ಬಿಗಿ ಮಾತ್ರ ನನ್ನ ಪಾಲಿಗೆ ಬಂತು. ಬೈಂಡರಮ್ಮ ಒಂಬತ್ತು ಪುಸ್ತಕಗಳನ್ನು ಒಟ್ಟಿಗೆ ಜೋಡಿಸಿ ಒತ್ತಿ ಹಿಡಿಸಿ ಚಕ್ರ ತಿರುಗಿಸಿದರು. ಬ್ಲೇಡು ಇಳಿಯಿತು. ಒಂದು ಇಡೀ ದಿನದ ಕೆಲಸ ಅಲ್ಲೇ ಆಗಿಹೋಯಿತು. ಅವರು ಕತ್ತರಿಸಿದ ಅಂಚಿನ ಮೇಲೆ ಅಂಗೈ ಸವರಿ ನೋಡಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಪುಸ್ತಕಗಳನ್ನು ಎರಡು ದಿನ ಮೊದಲೇ ಕೊಟ್ಟರು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅವರು ಮುಖ ತೊಳೆಯಲು ಒಳಗೆ ಹೋದಾಗ ನಾನು ತಡೆಯಲಾರದೆ ಅತ್ತೆಯನ್ನು ಕೇಳಿದೆ. ಎರಡು ವರ್ಷ. ಒಂದು ಬೈಗುಳ ಇಲ್ಲ, ಒಂದು ಚುಚ್ಚುಮಾತಿಲ್ಲ. ನನ್ನಂಥವನಿಗೆ ಎರಡು ಬಿಗಿದು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ? ಯಾಕೆ ಏನೂ ಅನ್ನಲಿಲ್ಲ?

ಅತ್ತೆ ಮಷೀನಿನ ಕಡೆ ನೋಡುತ್ತಿದ್ದಳು.

"ಅನ್ನಬೇಕಿತ್ತು. ಬಾಯಿ ಬರಲಿಲ್ಲ. ನಾನೂ ಒಂದ್ಸಲ ಕಲೆಸಿದ್ದೆ ಕಣೋ. ಕೆಲಸಕ್ಕೆ ಸೇರಿದ ಮೊದಲನೇ ವರ್ಷ. ಎರಡು ಡಬ್ಬಿ, ಎರಡೂ ಅರ್ಧ ಇಂಚು, ಜಾಗ ಸಾಲದು ಅಂತ ಒಂದಕ್ಕೇ ಸುರಿದೆ. ಅದರಿಂದ ಒಂದನ್ನು ತೆಗೆದು ಕಿಟಕೀಲಿ ಇವರ ಕೈಗೆ ಕೊಟ್ಟೆ."

ನನ್ನ ಕಣ್ಣು ಮಾವನ ಬಲಗೈಗೆ ಹೋಯಿತು. ಮಾವ ಬಾಗಿಲ ಕಡೆ ತಿರುಗಿ ನಿಂತುಬಿಟ್ಟರು. ವಿಚಾರಣೆಗೆ ಬಂದ ಸಾಹೇಬರು ಆಸ್ಪತ್ರೆಯಲ್ಲೇ ಕೇಳಿದರಂತೆ, ಬೋಲ್ಟು ಎಲ್ಲಿಂದ ಬಂತು ಎಂದು. ಸ್ಟೋರ್ಸಿನಿಂದ ಎಂದಿದ್ದರೆ ಅತ್ತೆಯ ಕೆಲಸ ಅವತ್ತೇ ಹೋಗುತ್ತಿತ್ತು. ನೆಲದ ಮೇಲೆ ಬಿದ್ದಿತ್ತು, ನಾನೇ ಹೆಕ್ಕಿದೆ ಎಂದರಂತೆ ಮಾವ. ಆಗ ಅವರಿಬ್ಬರಿಗೂ ಗುರುತು ಪರಿಚಯವೂ ಇರಲಿಲ್ಲ. ಅತ್ತೆ ಹನ್ನೊಂದು ದಿನ ಕೂತು ಸ್ಟೋರ್ಸಿನ ಎಲ್ಲ ಡಬ್ಬಿಗಳನ್ನೂ ಒಬ್ಬಳೇ ಆರಿಸಿ, ಪ್ರತಿಯೊಂದರ ಕೊರಳಿಗೂ ನಟ್ಟು ಕಟ್ಟಿದಳು. ಹನ್ನೆರಡನೇ ದಿನ ಆಸ್ಪತ್ರೆಗೆ ಹೋಗಿ ತಪ್ಪಾಯಿತು ಎಂದಳು. ಆಮೇಲೆ ದಿನಾ ಹೋದಳು. ಮುಂದಿನ ವರ್ಷ ಮದುವೆಯಾಯಿತು.

"ಐವತ್ತು ವರ್ಷ ಆಯ್ತು. ಇವರು ಒಂದು ಮಾತು ಅಂದಿಲ್ಲ. ನಿಮ್ಮೆಲ್ಲರ ಮುಂದೆ ಆ ನೆಲದ ಕಥೆ ಹೇಳಿ ತಾವೇ ನಗೆಪಾಟಲಾದರು, ನನ್ನ ಹೆಸರು ಬರಗೊಡಲಿಲ್ಲ. ಅಂಥವರ ಪಕ್ಕದಲ್ಲಿ ಕೂತ್ಕೊಂಡು ನಿನ್ನ ಹೇಗೆ ಬೈಯ್ಯಲಿ?"

ಮಾವ ತಿರುಗದೆಯೇ, ಮೂರು ಸುತ್ತು ಹೋಗಿ ನಾಲ್ಕನೇದಕ್ಕೆ ಹಿಡಿದಾಗ ನಾನೂ ನಿಲ್ಲಿಸಬೇಕಿತ್ತು, ನನ್ನದೂ ಅರ್ಧ ತಪ್ಪು ಎಂದರು. ಈ ಮಾತನ್ನು ಅವರು ಅತ್ತೆಗೆ ಮೊದಲೂ ಹೇಳಿರಬೇಕು. ಅವರ ಬಲಗೈಗೆ ಗ್ರೀಸು ಮೆತ್ತಿತ್ತು. ಅತ್ತೆ ಸೆರಗಿನ ತುದಿಯಿಂದ ಒಂದೊಂದೇ ಬೆರಳನ್ನು ಒರೆಸಿದಳು. ಬೆರಳಿಲ್ಲದ ಜಾಗವನ್ನೂ ಒರೆಸಿದಳು.

ಬೈಂಡರಮ್ಮ ಹೊರಗೆ ಬಂದರು. ಅತ್ತೆ ಯಾವತ್ತಿನ ಗತ್ತಿನಲ್ಲಿ, ಒಂದು ಕಾರ್ಡು ಬರೆದುಕೊಡಬೇಕಮ್ಮ ಎಂದು ಕೇಳಿದಳು. ಅವರ ಕೈಗೆ ಬಟ್ಟೆ ಸುತ್ತಿತ್ತು, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಹಾಗಾಗಿ ನಾನೇ ಬರೆದೆ. ‘ಕೂತಿತು’ ಎಂದು ಬರೆದು ಅತ್ತೆಯ ಕೈಗೆ ಕೊಟ್ಟೆ. ಅವಳು ಓದಿ, ಅದನ್ನು ಮಾವನ ಜೇಬಿಗೆ ಹಾಕಿದಳು.